ಫ್ರಾಂಕರು ಬಿಟ್ಟುಹೋದ ಬಾಣ

ನಮ್ಮ ಫೋರ್ಟಿನ ಫುಟ್‌ಪಾತ್ ಮೇಲೆ ಬಾಣಕ್ಕೆ ಎಷ್ಟು ಹೆಸರು ಅಂತ ಲೆಕ್ಕ ಹಾಕಿದ್ದೀರಾ? ಮರಾಠಿಯವರಿಗೆ ದೀಪಾವಳಿಯ ರಾಕೆಟ್ಟೂ ಬಾಣವೇ. ಹಿಂದಿಯಲ್ಲಿ ಹಂಗಿಸುವವರು "ಕೌನ್ ಸಾ ತೀರ್ ಮಾರಾ?" ಅನ್ನುತ್ತಾರೆ, ಆ ತೀರ್ ಪರ್ಷಿಯನ್ನಿನದು. ನಮ್ಮ ಅಚ್ಚಗನ್ನಡದ 'ಅಂಬು' ಮಾತ್ರ ಕಿವಿಗೆ ಬೀಳುವುದೇ ಇಲ್ಲ. ತಮಿಳು, ಮಲಯಾಳಗಳಲ್ಲೂ ಅದು ಅಂಬು, ತೆಲುಗಿನಲ್ಲಿ ಅಮ್ಮು. ಆದರೂ ನಾವು ರಾಮಬಾಣ ಅನ್ನುತ್ತೇವೆ, ರಾಮನಂಬು ಅನ್ನುವುದಿಲ್ಲ!

ಸರಿ, ಬಾಣವಾದರೂ ಸಂಸ್ಕೃತದ ಸ್ವಂತ ಆಸ್ತಿಯೇ? ಅಲ್ಲ, ಅದು ಮುಂಡಾ ಭಾಷೆಗಳ ಬಳಗದಿಂದ ಬಂದ ಪದ ಅಂತ 1920ರ ದಶಕದಲ್ಲಿ ಫ್ರಾನ್ಸಿನ ವಿದ್ವಾಂಸ ಜಾನ್ ಪ್ಶಿಲುಸ್ಕಿ ವಾದಿಸಿದ್ದರು. ಮಲಯ್ ಭಾಷೆಯಲ್ಲಿ ಬಿಲ್ಲಿಗೆ 'ಪನಾಹ್' ಅನ್ನುತ್ತಾರೆ, ನೋಡಿ.

ತಮಾಷೆ ಏನೆಂದರೆ, ಅವರ ಫ್ರೆಂಚಿನಲ್ಲೂ ಇದೇ ಕಥೆ. ಲ್ಯಾಟಿನ್ನಿನಲ್ಲಿ ಬಾಣಕ್ಕೆ 'ಸಗಿತ್ತಾ'. ಧನು ರಾಶಿಯ 'ಸ್ಯಾಜಿಟೇರಿಯಸ್' ಹುಟ್ಟಿದ್ದು ಇದರಿಂದಲೇ. ಹಳೆಯ ಫ್ರೆಂಚಿನಲ್ಲಿ ಅದು ಸವೆದು 'ಸಯೆತೆ' ಆಯಿತು. ಆಮೇಲೆ ಅದನ್ನೂ ಪಕ್ಕಕ್ಕೆ ತಳ್ಳಿ 'ಫ್ಲೆಶ್' ಬಂದು ಕೂತಿತು. ಇದರ ಮೂಲ ಫ್ರಾಂಕರ ಜರ್ಮಾನಿಕ್ ಮಾತು. ಅವರು ಬರೆದಿಟ್ಟದ್ದು ತೀರಾ ಕಡಿಮೆ, ಹಾಗಾಗಿ ವಿದ್ವಾಂಸರು ನಂಟಿನ ಭಾಷೆಗಳನ್ನು ಹೋಲಿಸಿ 'ಫ್ಲಿಯುಕ್ಕಾ' ಎಂಬ ರೂಪವನ್ನು ಊಹಿಸಿದ್ದಾರೆ. ಇಂಗ್ಲಿಷಿನ 'ಫ್ಲೈ' ಇದಕ್ಕೆ ನೆಂಟ. ಅಂದರೆ ಬಾಣ ಎಂದರೆ ಹಾರುವಂಥದ್ದು. ಇಟಾಲಿಯನ್ನಿನ 'ಫ್ರೆಚ್ಚಾ', ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನ 'ಫ್ಲೆಚಾ' ಎಲ್ಲ ಫ್ರೆಂಚಿನಿಂದ ಹೋದವು. ಬಾಣ ಮಾಡುವವನಿಗೆ ಇಂಗ್ಲಿಷಿನಲ್ಲಿ 'ಫ್ಲೆಚರ್' ಅನ್ನುವುದೂ ಅಲ್ಲಿಂದಲೇ.

ಕ್ರಿ.ಶ. 486ರಲ್ಲಿ ಸ್ವಾಸೋನ್ ಕಾಳಗ ಗೆದ್ದ ಕ್ಲೋವಿಸ್ ಇದೇ ಫ್ರಾಂಕರ ದೊರೆ. ಗೆದ್ದವರ ಭಾಷೆ ಉಳಿಯಬೇಕಿತ್ತು ಅಲ್ಲವೇ? ಆದದ್ದು ತಿರುಗುಮುರುಗು. ಕೆಲವು ಶತಮಾನಗಳಲ್ಲಿ ಗೆದ್ದವರ ಮಕ್ಕಳೇ ಸೋತವರ ಲ್ಯಾಟಿನ್ ಕಲಿತು ತಮ್ಮದನ್ನು ಮರೆತರು. 842ರಲ್ಲಿ ಕ್ಲೋವಿಸನ ರಾಜ್ಯದ ಪಶ್ಚಿಮ ಭಾಗವನ್ನಾಳುತ್ತಿದ್ದ ಚಾರ್ಲ್ಸನ ಸೈನಿಕರು ಸ್ಟ್ರಾಸ್‌ಬರ್ಗಿನಲ್ಲಿ ಆಣೆ ಮಾಡಿದ್ದು ಆ ಲ್ಯಾಟಿನ್ನಿನಿಂದ ಹುಟ್ಟಿದ ಜನರ ಮಾತಿನಲ್ಲಿ. ಫ್ರಾಂಕರದ್ದು ಅಂತ ಉಳಿದದ್ದು ದೇಶದ ಹೆಸರು, ಬಾಣದಂಥ ಒಂದಿಷ್ಟು ಪದಗಳು.

ಇದನ್ನು ಓದಿದಾಗ ನಮ್ಮಂಥ ವಲಸಿಗರ ನೆನಪಾಗುತ್ತದೆ. ನಾವು ಯುದ್ಧ ಗೆದ್ದು ಬಂದವರಲ್ಲ, ಹೊಟ್ಟೆಪಾಡಿಗೆ ಬಂದವರು. ನಮ್ಮ ಮೊಮ್ಮಕ್ಕಳು ಕನ್ನಡ ಆಡುತ್ತಾರೋ ಇಲ್ಲವೋ! ಆದರೆ ಇಡ್ಲಿ-ದೋಸೆಯ ಹೋಟೆಲು ಯಾರದೇ ಇರಲಿ, ಮುಂಬೈಯವರು ಅದನ್ನು 'ಉಡಿಪಿ' ಅಂತಲೇ ಕರೆಯುತ್ತಾರೆ. ಫ್ರಾಂಕರು ಬಾಣ ಬಿಟ್ಟುಹೋದರು, ನಾವು ಊರಿನ ಹೆಸರನ್ನೇ ಬಡಿಸಿದ್ದೇವೆ. ಆದರೂ ಒಂದು ಮಾತು: ಮನೆಯಲ್ಲಾದರೂ ಅಂಬನ್ನು ಅಂಬು ಅನ್ನೋಣ. ಖರ್ಚೇನಿಲ್ಲವಲ್ಲ!