ಹಿರಿಯನಿಗೆ ಜಮೀನು, ಕಿರಿಯನಿಗೆ ಹುದ್ದೆ: ಕ್ಯಾವೆಂಡಿಷ್ ಮನೆತನ ಮತ್ತು ಮೈಸೂರು

ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಮೈಸೂರಿನ ಆಡಳಿತವನ್ನು ಕಿತ್ತುಕೊಂಡ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್, ಡೆವನ್‌ಶೈರ್‌ನ 4ನೇ ಡ್ಯೂಕ್‌ನ ಮಗಳ ಮಗ. 1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜ ಒಡೆಯರಿಗೆ ಮರಳಿದಾಗ ಲಂಡನ್ನಿನಲ್ಲಿ ಭಾರತ ಸಚಿವನಾಗಿದ್ದ ಹಾರ್ಟಿಂಗ್ಟನ್, ಅದೇ ಡ್ಯೂಕ್‌ನ ಗಂಡು ಸಂತತಿಯವನು; ಮುಂದೆ ತಾನೇ 8ನೇ ಡ್ಯೂಕ್ ಆದವನು. ಮರಳಿಸುವ ನಿರ್ಧಾರ 1867ರದು, ಅದರ ಶ್ರೇಯ ಅವನಿಗೆ ಸಲ್ಲದು. ಆದರೂ ಒಂದೇ ಕುಟುಂಬದ ನೆರಳು ಎರಡೂ ಘಟ್ಟಗಳಲ್ಲಿ ಕಾಣುವುದು ಬರಿಯ ಕಾಕತಾಳೀಯವಲ್ಲ. ಅದರ ಬೇರು ಆ ಮನೆತನಗಳ ಆಸ್ತಿ ಹಂಚಿಕೆಯ ಕ್ರಮದಲ್ಲಿದೆ ಎಂಬುದು ಈ ಲೇಖನದ ವಾದ.

ಕ್ಯಾವೆಂಡಿಷರು ಹುಟ್ಟಾ ದೊರೆಗಳೇನಲ್ಲ. 8ನೇ ಹೆನ್ರಿಯ ಕಾಲದಲ್ಲಿ ಮಠಗಳನ್ನು ಮುಚ್ಚಿಸುವ ಕೆಲಸಕ್ಕಿದ್ದ ಅಧಿಕಾರಿ ವಿಲಿಯಂ ಕ್ಯಾವೆಂಡಿಷ್, ಹೆಂಡತಿ ಬೆಸ್‌ಳ ಒತ್ತಾಸೆಯಿಂದ 1549ರಲ್ಲಿ ಡರ್ಬಿಶೈರ್‌ನ ಚಾಟ್ಸ್‌ವರ್ತ್ ಜಮೀನನ್ನು 600 ಪೌಂಡಿಗೆ ಕೊಂಡ. 1688ರಲ್ಲಿ ಆರೆಂಜಿನ ವಿಲಿಯಂನನ್ನು ಇಂಗ್ಲೆಂಡಿಗೆ ಕರೆದ ಏಳು ಮಂದಿಯಲ್ಲಿ ಈ ವಂಶದವನೂ ಒಬ್ಬ; 1694ರಲ್ಲಿ ಡ್ಯೂಕ್ ಪದವಿ ಬಂತು.

ಪದವಿಯ ಜೊತೆ ಜಮೀನೂ ಇಡಿಯಾಗಿ ಹಿರಿಯ ಮಗನಿಗೇ ಹೋಗುತ್ತಿತ್ತು. ಅವನೂ ಬದುಕಿರುವವರೆಗೆ ಅನುಭವಿಸಬಹುದೇ ಹೊರತು ಮನಸ್ಸಿಗೆ ಬಂದಂತೆ ಮಾರುವಂತಿರಲಿಲ್ಲ. ನಮ್ಮ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ಪಿತ್ರಾರ್ಜಿತದಲ್ಲಿ ಎಲ್ಲ ಗಂಡುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ತಲೆಮಾರಿಗೊಮ್ಮೆ ಪಾಲಾಗಿ ಜಮೀನು ತುಂಡಾಯಿತು. ಇಂಗ್ಲೆಂಡಿನಲ್ಲಿ ಜಮೀನು ಉಳಿಯಿತು, ಕಿರಿಯರು ಹೊರಬಿದ್ದರು. ಸೈನ್ಯ, ಚರ್ಚು, ಸಂಸತ್ತು, ವಸಾಹತು ಅವರ ದಾರಿಗಳಾದವು. ಬೆಂಟಿಂಕ್ ಪೋರ್ಟ್‌ಲ್ಯಾಂಡಿನ 3ನೇ ಡ್ಯೂಕ್‌ನ ಎರಡನೇ ಮಗ. ಮೂವತ್ತು ತುಂಬುವ ಮೊದಲೇ, 1803ರಲ್ಲಿ, ಮದರಾಸಿನ ಗವರ್ನರ್ ಆದ. 1806ರ ವೆಲ್ಲೂರು ದಂಗೆಯ ಬಳಿಕ ಅವನನ್ನು ವಾಪಸು ಕರೆಸಲಾಯಿತು. ಹೀಗೆ ಮುಖಭಂಗವಾದವನು 1828ರಲ್ಲಿ ಗವರ್ನರ್ ಜನರಲ್ ಆಗಿ ಮರಳಿದ್ದನ್ನು, ಅವನ ವಂಶಬಲವನ್ನು ಬಿಟ್ಟು ವಿವರಿಸುವುದು ಕಷ್ಟ. ನಗರ ಪ್ರಾಂತ್ಯದ ದಂಗೆಯ ನೆಪದಲ್ಲಿ ಅವನು ಮೈಸೂರನ್ನು ವಶಕ್ಕೆ ಪಡೆದ. ಅವನೇ ನೇಮಿಸಿದ ಸಮಿತಿ, ಅರಸರ ವಿರುದ್ಧದ ದೂರುಗಳು ಉತ್ಪ್ರೇಕ್ಷಿತವೆಂದು ಕಂಡುಕೊಂಡಿತು. ಆದರೂ ಮುಮ್ಮಡಿಯವರು 1868ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರ ಅವರ ಕೈಗೆ ಬರಲಿಲ್ಲ. ಇದನ್ನು ಅನ್ಯಾಯವೆಂದೇ ಕರೆಯಬೇಕು.

ಜಮೀನನ್ನು ಕಾಪಾಡಿದ ಆ ಕಟ್ಟು ಸಡಿಲವಾದದ್ದು 20ನೇ ಶತಮಾನದಲ್ಲಿ. ಡೆವನ್‌ಶೈರ್‌ನ 10ನೇ ಡ್ಯೂಕ್‌ನ ಹಿರಿಯ ಮಗ 1944ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಮಡಿದ. ತೆರಿಗೆಯಿಂದ ಪಾರಾಗಲು ತಂದೆ 1946ರಲ್ಲಿ ಆಸ್ತಿಯನ್ನು ಟ್ರಸ್ಟಿಗೆ ವಹಿಸಿದ್ದ. ವಿನಾಯಿತಿ ಸಿಗಲು ಆ ಬಳಿಕ ಅವನು ಐದು ವರ್ಷ ಬದುಕಬೇಕಿತ್ತು. ಕೆಲವೇ ತಿಂಗಳು ಬಾಕಿಯಿರುವಾಗ, 1950ರ ನವೆಂಬರಿನಲ್ಲಿ, ತೀರಿಕೊಂಡ. ಎರಡನೇ ಮಗ ಆಂಡ್ರ್ಯೂವಿಗೆ ಆಸ್ತಿಯ ಜೊತೆಗೆ ಶೇ. 80ರ ಮರಣ ತೆರಿಗೆಯೂ ಬಂತು. ಸಾವಿರಾರು ಎಕರೆ ಮಾರಾಟವಾಯಿತು. ಬೆಸ್ ಕಟ್ಟಿಸಿದ ಹಾರ್ಡ್‌ವಿಕ್ ಹಾಲ್ 1959ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಚಾಟ್ಸ್‌ವರ್ತನ್ನು 1981ರಲ್ಲಿ ಸ್ಥಾಪಿತವಾದ ದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಟಿಕೆಟ್ ಕೊಂಡವರು ಯಾರಾದರೂ ಒಳಗೆ ಹೋಗಬಹುದು.

ಪದವಿಯ ನಿಯಮ ಮಾತ್ರ ಬದಲಾಗಿಲ್ಲ. 2013ರ ಕಾಯ್ದೆ ಬ್ರಿಟನ್ನಿನ ಸಿಂಹಾಸನದ ಉತ್ತರಾಧಿಕಾರದಲ್ಲಿ ಗಂಡು–ಹೆಣ್ಣೆಂಬ ಭೇದವನ್ನು ತೆಗೆದುಹಾಕಿದರೂ ಡ್ಯೂಕ್ ಪದವಿಗಳನ್ನು ಮುಟ್ಟಲಿಲ್ಲ. ಡೆವನ್‌ಶೈರ್ ಡ್ಯೂಕ್ ಪದವಿ ಇಂದಿಗೂ ಗಂಡು ಸಂತತಿಗೇ ಸಲ್ಲುತ್ತದೆ.