‘ತಿರುಗಿ ಬಂತು’: ಕರೆಂಟ್ ಕೊಟ್ಟ ಬಾಯಿಯ ಕ್ಯಾನ್ಸರಿನ ಮುಂದಿನ ದಾರಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ವಿಕಿರಣ ಚಿಕಿತ್ಸೆಗೆ ಜನರಿಟ್ಟ ಹೆಸರು ‘ಕರೆಂಟ್’. ಅದು ಮುಗಿದ ಮೇಲೆ ಗಂಟು ಕಂಡರೆ ‘ತಿರುಗಿ ಬಂತು’ ಎನ್ನುತ್ತಾರೆ. ಈ ಮಾತಿನೊಳಗೆ ಮೂರು ಬೇರೆ ಸಂಗತಿಗಳಿವೆ: ಕರೆಂಟಿಗೆ ಸಾಯದೆ ಉಳಿದ ಗಂಟು, ಮಾಯವಾದಂತಿದ್ದು ಮತ್ತೆ ಬೆಳೆದ ಗಂಟು, ಅದೇ ಬಾಯಿಯಲ್ಲಿ ಹೊಸದಾಗಿ ಹುಟ್ಟಿದ ಕ್ಯಾನ್ಸರ್. ಮೂರನೆಯದರ ಬುಡವನ್ನು 1953ರಲ್ಲೇ ಸ್ಲಾಟರ್ ಮತ್ತು ಸಂಗಡಿಗರು ತೋರಿಸಿದ್ದರು. ಕೆಡುವುದು ಬಾಯಿಯ ಒಂದು ಚುಕ್ಕೆಯಲ್ಲ, ಇಡೀ ಹೊಲ. ಕರೆಂಟ್ ಮುಗಿದರೂ ತಂಬಾಕು ಬಿಡದವರಲ್ಲಿ ಆ ಹೊಲ ಕೆಡುತ್ತಲೇ ಇರುತ್ತದೆ.

ಗ್ರಂಥಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಕಿಯೊಂದಿದೆ. ಮರಳಿದ ಗಂಟನ್ನು ಕತ್ತರಿಸಿ ತೆಗೆದವರಲ್ಲಿ ಶೇ. 39 ಜನ 5 ವರ್ಷ ಬದುಕಿದರೆಂದು 2000ದಲ್ಲಿ ಗುಡ್‌ವಿನ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಬರೆದರು. ಇದನ್ನು ನಮ್ಮ ರೋಗಿಗಳಿಗೆ ಹಾಗೆಯೇ ಅನ್ವಯಿಸುವುದು ತಪ್ಪೆಂದು ನನ್ನ ಎಣಿಕೆ. ಅಂಥ ಶಸ್ತ್ರಕ್ರಿಯೆ ಹೆಚ್ಚು ಫಲಿಸುವುದು ಧ್ವನಿಪೆಟ್ಟಿಗೆಯಲ್ಲಿ. ನಿಪ್ಪಾಣಿಯ ತಂಬಾಕು ಸೀಮೆಗೆ ಅಂಟಿಕೊಂಡ ಈ ಭಾಗದಲ್ಲಿ ಸುಣ್ಣ ತಿಕ್ಕಿದ ತಂಬಾಕು, ಗುಟ್ಕಾ ಕೂರುವುದು ಗಲ್ಲ ಮತ್ತು ವಸಡಿನ ಸಂದಿನಲ್ಲಿ. ಅಲ್ಲಿನ ಗಂಟನ್ನು ಸಾಮಾನ್ಯವಾಗಿ ಮೊದಲು ಕತ್ತರಿಸುತ್ತಾರೆ, ಆಮೇಲೆ ಆರು ವಾರ, ವಾರಕ್ಕೆ ಐದು ದಿನ, ದಿನಕ್ಕೆ 2 ಗ್ರೇಯಂತೆ 60 ಗ್ರೇ ಕರೆಂಟ್. ಅಂದರೆ ನಮ್ಮಲ್ಲಿ ಗಂಟು ಮರಳುವುದು ಕತ್ತಿಯನ್ನೂ ಕಿರಣವನ್ನೂ ಉಂಡ ಮಾಂಸದಲ್ಲಿ. ಅದು ಬಿರುಸಾಗಿರುತ್ತದೆ, ರಕ್ತದ ಹರಿವು ಕಡಿಮೆ. ಎರಡನೆಯ ಗಾಯ ಬೇಗ ಮಾಯುವುದಿಲ್ಲ, ದವಡೆಯ ಎಲುಬು ಕೊಳೆಯಬಹುದು, ಅಪರೂಪಕ್ಕೆ ಕುತ್ತಿಗೆಯ ದೊಡ್ಡ ರಕ್ತನಾಳವೇ ಒಡೆಯುವುದುಂಟು.

ಮರಳುವ ಗಂಟುಗಳಲ್ಲಿ ಬಹುಪಾಲು ಮೊದಲ ಎರಡು ವರ್ಷದೊಳಗೇ ಕಾಣಿಸುತ್ತವೆ. ಕರೆಂಟ್ ಮುಗಿದ ಆರು ತಿಂಗಳೊಳಗೆ ಬಂದದ್ದು ತಡವಾಗಿ ಬಂದುದಕ್ಕಿಂತ ಕೆಟ್ಟದ್ದು. ಆದರೆ ಕರೆಂಟ್ ಉಂಡ ಬಾಯಿ ಗುಟ್ಟು ಬಿಡುವುದಿಲ್ಲ. ಬಾವು, ಹುಣ್ಣು, ‘ಬಾಯಿ ಬಿಡಾಕ ಬರವಲ್ದು’ ಎಂಬ ದೂರು ಚಿಕಿತ್ಸೆಯ ಫಲವೂ ಆಗಿರಬಹುದು, ರೋಗವೂ ಆಗಿರಬಹುದು. ಮೂರು ವಾರವಾದರೂ ಮಾಯದ ಹುಣ್ಣನ್ನು ಚೂರು ತೆಗೆದು ಪರೀಕ್ಷಿಸದೆ ಕರೆಂಟಿನ ತಲೆಗೆ ಕಟ್ಟಬಾರದು. ಕರೆಂಟ್ ಮುಗಿದ 12 ವಾರಕ್ಕೆ ಪೆಟ್ ಸ್ಕ್ಯಾನ್ ಮಾಡಿ ಕಾಯುವ ಕ್ರಮಕ್ಕೆ 2016ರ ಬ್ರಿಟಿಷ್ ಪ್ರಯೋಗವೊಂದು ಬಲ ಕೊಟ್ಟಿತು. ಅಲ್ಲಿದ್ದವರು ಹೆಚ್ಚಾಗಿ ವೈರಸ್ಸಿನಿಂದ ಗಂಟಲು ಕ್ಯಾನ್ಸರಾದವರು. ಗುಟ್ಕಾ ಬಾಯಿಗೆ ಆ ಭರವಸೆ ಸಲ್ಲದು. ಬೆಳಗಾವಿಗೋ ಮಿರಜಿಗೋ ಬಸ್ಸು ಹಿಡಿಯಬೇಕಾದ ಕೂಲಿಯವನು ಕಬ್ಬು ಕಡಿಯುವ ಸುಗ್ಗಿಯಲ್ಲಿ ತಪ್ಪಿಸುವ ಒಂದೆರಡು ತಪಾಸಣೆ ಈ ಎರಡು ವರ್ಷದಲ್ಲೇ ಬೀಳುತ್ತವೆ.

ಮತ್ತೆ ಕರೆಂಟ್ ಕೊಡಬಹುದೆ? ಆಯ್ದ ಕೆಲವರಿಗೆ. ಅಮೆರಿಕದ ಹಳೆಯ ಪ್ರಯೋಗವೊಂದರಲ್ಲಿ ಎರಡನೆಯ ಸಲ ಕಿಮೊ ಜೊತೆ ಕರೆಂಟ್ ಪಡೆದ 79 ಜನರಲ್ಲಿ 2 ವರ್ಷ ಬದುಕಿದ್ದು ಶೇ. 15ರಷ್ಟು, 5 ವರ್ಷ ಶೇ. 4ಕ್ಕೂ ಕಡಿಮೆ. ಶಸ್ತ್ರಕ್ರಿಯೆಯ ಬೆನ್ನಿಗೆ ಕಿಮೊ ಸಹಿತ ಮರು ಕರೆಂಟ್ ಕೊಟ್ಟ 2008ರ ಫ್ರೆಂಚ್ ಪ್ರಯೋಗದಲ್ಲಿ ರೋಗ ತಡೆಯಿತು, ಆಯುಷ್ಯ ಬೆಳೆಯಲಿಲ್ಲ.

ಕತ್ತರಿಸಲಾಗದವರ ವಿಷಯದಲ್ಲಿ ನಮಗೆ ಹತ್ತಿರದ ಆಧಾರ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯದು. 2020ರಲ್ಲಿ ಪ್ರಕಟವಾದ, 422 ಜನರ ಪ್ರಯೋಗದಲ್ಲಿ ಮೆಥೋಟ್ರೆಕ್ಸೇಟ್, ಸೆಲೆಕಾಕ್ಸಿಬ್ ಮಾತ್ರೆ ನುಂಗಿದವರ ಮಧ್ಯಮ ಆಯುಷ್ಯ 7.5 ತಿಂಗಳು, ಸಿಸ್‌ಪ್ಲಾಟಿನ್ ಏರಿಸಿಕೊಂಡವರದು 6.1. ಅಲ್ಲಿಯದೇ ಇನ್ನೊಂದು ಪ್ರಯೋಗದಲ್ಲಿ, ಈ ಎರಡಕ್ಕೆ ಮತ್ತೊಂದು ಸೇರಿದ ಮೂರು ಮಾತ್ರೆಗಳ ಕಟ್ಟಿಗೆ ರೂಢಿಯ ಹತ್ತರಲ್ಲೊಂದು ಪಾಲೂ ಇಲ್ಲದ, ಕೇವಲ 20 ಮಿ.ಗ್ರಾಂ. ನಿವೊಲುಮ್ಯಾಬ್ ಚುಚ್ಚುಮದ್ದು ಸೇರಿಸಿದಾಗ ವರ್ಷ ಕಂಡವರು ಶೇ. 16.3ರಿಂದ 43.4ಕ್ಕೆ ಏರಿದರು. ಗುಣವಾಗುವ ಮಾತಲ್ಲ ಇದು. ಆದರೂ ಮಾತ್ರೆಯನ್ನು ಮೂಡಲಗಿಯ ಮನೆಯಲ್ಲೇ ನುಂಗಬಹುದು. ಒಂದು ಎಚ್ಚರ ಬೇಕು: ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆಯದು, ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು. ಚೀಟಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆದುಕೊಡಬೇಕು, ಓದು ಬರದವರಿಗೆ ಊರ ಸಂತೆಯ ದಿನವೆಂದು ಹೇಳಬೇಕು.