ಸೆನೆಟರ್‌ಗಳನ್ನು ಮನೆಗೆ ಕಳಿಸಿದ ಒಂದು ವಾಕ್ಯ: ಮಕ್ಕಳಿಗೆ ಸಂವಿಧಾನ ಕಲಿಸೋದು ಹೇಗೆ?

ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಮನೆಯಲ್ಲಿ ಎಷ್ಟು ದೇಶದ ಪಾಸ್‌ಪೋರ್ಟ್ ಇವೆ? ಪರ್ತ್, ಬ್ರಿಸ್ಬೇನ್, ಅಡಿಲೇಡ್‌ನ ಎಷ್ಟೋ ಕನ್ನಡದ ಮನೆಗಳಲ್ಲಿ ಉತ್ತರ ಹೀಗಿರುತ್ತೆ: ಅಪ್ಪನದು ಭಾರತದ್ದು. ಅಮ್ಮನದು ಆಸ್ಟ್ರೇಲಿಯಾದ್ದು, ಜೊತೆಗೊಂದು ಓಸಿಐ ಕಾರ್ಡು. ಇಲ್ಲೇ ಹುಟ್ಟಿದ ಮಗುವಿನದು ಮೊದಲ ದಿನದಿಂದಲೇ ಆಸ್ಟ್ರೇಲಿಯಾದ್ದು. ಯಾಕೆ ಹೀಗೆ ಅಂತ ಮಗು ಕೇಳಿದರೆ, "ಅದೆಲ್ಲ ಪೇಪರ್ ವಿಷಯ, ಬಿಡು" ಅಂತ ಮಾತು ಮುಗಿಸಿಬಿಡ್ತೀವಿ. ಆದರೆ ಸಂವಿಧಾನದ ಪಾಠ ಇರೋದು ಆ ಪೇಪರ್ ವಿಷಯದಲ್ಲೇ. ಅದನ್ನು ಶುರು ಮಾಡೋಕೆ 2017ರಲ್ಲಿ ಈ ದೇಶದ ಪತ್ರಿಕೆಗಳನ್ನು ತಿಂಗಳುಗಟ್ಟಲೆ ತುಂಬಿದ ಒಂದು ಸುದ್ದಿ ಸಾಕು.

ಮೂರು ಊರು, ಮೂರು ಸೆನೆಟರ್‌ಗಳು

2017ರ ಜುಲೈ 14ರಂದು ಪರ್ತ್‌ನ ಗ್ರೀನ್ಸ್ ಸೆನೆಟರ್ ಸ್ಕಾಟ್ ಲಡ್ಲಮ್ ರಾಜೀನಾಮೆ ಘೋಷಿಸಿದರು. ಅವರು ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ. ಮೂರು ವರ್ಷದವರಿದ್ದಾಗಲೇ ಆ ದೇಶ ಬಿಟ್ಟಿದ್ದರು. ಹದಿಹರೆಯದಲ್ಲಿ ಆಸ್ಟ್ರೇಲಿಯಾದ ಪೌರತ್ವ ಸಿಕ್ಕಾಗ ಹಳೆಯದು ತಾನಾಗಿಯೇ ಹೋಯ್ತು ಅಂದುಕೊಂಡಿದ್ದರು. ಹೋಗಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಒಂಬತ್ತು ವರ್ಷ ಸೆನೆಟ್‌ನಲ್ಲಿ ಕೂತಾಗಿತ್ತು.

ನಾಲ್ಕು ದಿನ ಬಿಟ್ಟು ಬ್ರಿಸ್ಬೇನ್‌ನ ಲರಿಸ್ಸಾ ವಾಟರ್ಸ್ ಸರದಿ. ಅವರ ಅಪ್ಪ ಅಮ್ಮ ಇಬ್ಬರೂ ಆಸ್ಟ್ರೇಲಿಯಾದವರು. ಸ್ವಲ್ಪ ಕಾಲ ಕೆನಡಾದಲ್ಲಿದ್ದಾಗ, 1977ರ ಫೆಬ್ರವರಿಯಲ್ಲಿ, ಮಗಳು ಹುಟ್ಟಿದಳು. ಹನ್ನೊಂದು ತಿಂಗಳ ಕೂಸನ್ನು ಎತ್ತಿಕೊಂಡು ವಾಪಸ್ ಬಂದರು. ಅವರು ಹುಟ್ಟಿದ ಒಂದು ವಾರಕ್ಕೆ ಕೆನಡಾದ ಪೌರತ್ವ ಕಾನೂನು ಬದಲಾಯಿತು. ಹೊಸ ಕಾನೂನಿನ ಲೆಕ್ಕದಲ್ಲಿ ತಾನು ಕೆನಡಾದವಳಲ್ಲ ಅಂತ ಅವರು ನಂಬಿದ್ದರು. ಹಳೆಯ ಕಾನೂನು ಆಗಲೇ ಅವರನ್ನು ಕೆನಡಾದ ಪೌರರನ್ನಾಗಿ ಮಾಡಿತ್ತು.

ಮೂರನೆಯವರು ಅಡಿಲೇಡ್‌ನ ನಿಕ್ ಜೆನೊಫನ್. ಇವರು ಹುಟ್ಟಿದ್ದೇ ಅಡಿಲೇಡ್‌ನಲ್ಲಿ. ಆದರೆ ತಂದೆ ಸೈಪ್ರಸ್‌ನಿಂದ ಬಂದವರು, ಅದೂ ಆ ದ್ವೀಪ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ. ಹಾಗಾಗಿ ಮಗನಿಗೆ 'ಬ್ರಿಟಿಷ್ ಓವರ್‌ಸೀಸ್ ಸಿಟಿಜನ್' ಅನ್ನೋ ಸ್ಥಾನಮಾನ ಅಂಟಿಕೊಂಡಿತ್ತು.

ಇವರ ಜೊತೆ ಇನ್ನೂ ನಾಲ್ವರು: ಉಪಪ್ರಧಾನಿ ಬಾರ್ನಬಿ ಜಾಯ್ಸ್, ಸಚಿವೆ ಫಿಯೋನಾ ನ್ಯಾಶ್, ಕ್ವೀನ್ಸ್‌ಲ್ಯಾಂಡ್‌ನ ಸೆನೆಟರ್‌ಗಳಾದ ಮ್ಯಾಟ್ ಕ್ಯಾನವನ್ ಮತ್ತು ಮಾಲ್ಕಮ್ ರಾಬರ್ಟ್ಸ್. ರಾಬರ್ಟ್ಸ್ ಹುಟ್ಟಿದ್ದು ನಮ್ಮ ಪಶ್ಚಿಮ ಬಂಗಾಳದಲ್ಲಿ! ಆದರೆ ಅವರಿಗೆ ತೊಡಕಾದದ್ದು ಭಾರತವಲ್ಲ, ವೇಲ್ಸ್‌ನ ತಂದೆಯಿಂದ ಬಂದ ಬ್ರಿಟಿಷ್ ಪೌರತ್ವ.

ಇಲ್ಲಿ ನಿಲ್ಲಿಸಿ, ತೀರ್ಪು ಹೇಳಬೇಡಿ

ಎಲ್ಲರಿಗೂ ಎದುರಾದದ್ದು ಒಂದೇ ವಾಕ್ಯ. ಆಸ್ಟ್ರೇಲಿಯಾ ಸಂವಿಧಾನದ ಸೆಕ್ಷನ್ 44ರ ಮೊದಲ ಉಪಕಲಂ. ಸರಳವಾಗಿ ಹೇಳೋದಾದರೆ: ಬೇರೆ ದೇಶಕ್ಕೆ ನಿಷ್ಠೆ ಒಪ್ಪಿಕೊಂಡವರು, ಬೇರೆ ದೇಶದ ಪ್ರಜೆ ಅಥವಾ ಪೌರರಾಗಿರುವವರು, ಅಂಥ ಪೌರರ ಹಕ್ಕು ಸವಲತ್ತುಗಳಿಗೆ ಅರ್ಹರಾದವರು ಕೇಂದ್ರ ಸಂಸತ್ತಿಗೆ ಆಯ್ಕೆಯಾಗುವಂತಿಲ್ಲ.

ಮಕ್ಕಳ ಜೊತೆ ಕೂತಾಗ ಇಲ್ಲಿಗೆ ನಿಲ್ಲಿಸಿ. ಪಕ್ಷದ ಹೆಸರು ಬದಿಗಿಡಿ, ಹುಟ್ಟಿದ ಊರು ಮತ್ತು ಅಪ್ಪ ಅಮ್ಮನ ದೇಶ ಮಾತ್ರ ಹೇಳಿ. "ನೀನೇ ಜಡ್ಜ್. ಯಾರು ಉಳೀತಾರೆ, ಯಾರು ಹೋಗ್ತಾರೆ?" ಅಂತ ಕೇಳಿ. "ಪಾಪ, ಗೊತ್ತೇ ಇರಲಿಲ್ಲ ಅಲ್ವಾ?" ಅನ್ನೋ ಮಾತು ಬಂದೇ ಬರುತ್ತೆ. ಸರ್ಕಾರ ಕೋರ್ಟಿನಲ್ಲಿ ಮಾಡಿದ ವಾದವೂ ಹೆಚ್ಚುಕಡಿಮೆ ಅದೇ: ಗೊತ್ತಿಲ್ಲದವರನ್ನು ಹಿಡಿಯೋದು ಈ ವಾಕ್ಯದ ಉದ್ದೇಶವಲ್ಲ.

2017ರ ಅಕ್ಟೋಬರ್ 27ರಂದು ಹೈಕೋರ್ಟಿನ ಏಳೂ ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಾದ ತಳ್ಳಿಹಾಕಿದರು. (ಗಮನಿಸಿ, ಇಲ್ಲಿ ಹೈಕೋರ್ಟ್ ಅಂದ್ರೆ ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ, ಅದರ ಮೇಲೆ ಇನ್ನೊಂದಿಲ್ಲ.) ಯಾರಿಗೆ ಎಷ್ಟು ಗೊತ್ತಿತ್ತು ಅಂತ ಅಳೆಯಲು ಹೊರಟರೆ ಕಾನೂನಿಗೆ ಖಚಿತತೆಯೇ ಉಳಿಯಲ್ಲ ಅನ್ನೋದು ಅವರ ಒಂದು ಕಾರಣ. ಐವರು ಸ್ಥಾನ ಕಳೆದುಕೊಂಡರು, ಇಬ್ಬರು ಉಳಿದರು. ಕ್ಯಾನವನ್ ಇಟಲಿಯ ಪೌರರು ಅನ್ನೋದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಜೆನೊಫನ್ ಕತೆ ಇನ್ನೂ ಸ್ವಾರಸ್ಯ: ಅವರ ಸ್ಥಾನಮಾನದ ಹೆಸರಿನಲ್ಲಿ 'ಸಿಟಿಜನ್' ಅಂತಿದ್ದರೂ ಬ್ರಿಟನ್ನಿಗೆ ಹೋಗಿ ನೆಲೆಸುವ ಹಕ್ಕೇ ಅದರಲ್ಲಿ ಇರಲಿಲ್ಲ. ಕೋರ್ಟ್ ಹೆಸರು ನೋಡಲಿಲ್ಲ, ಒಳಗಿನ ಹಕ್ಕು ನೋಡಿತು.

ಅದೇ ಅಕ್ಷರ, ಬೇರೆ ಅರ್ಥ

ದೊಡ್ಡ ಮಕ್ಕಳಿಗೆ ಇಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ, ಇತಿಹಾಸಕ್ಕೆ, ಕರೆದುಕೊಂಡು ಹೋಗಿ. 1901ರಲ್ಲಿ ಈ ಸಂವಿಧಾನ ಜಾರಿಗೆ ಬಂದಾಗ 'ಆಸ್ಟ್ರೇಲಿಯಾದ ಪೌರ' ಅನ್ನೋ ಕಾನೂನುಬದ್ಧ ಸ್ಥಾನವೇ ಇರಲಿಲ್ಲ. ಇಲ್ಲಿನವರು ಬ್ರಿಟಿಷ್ ರಾಣಿಯ ಪ್ರಜೆಗಳು. ಆಸ್ಟ್ರೇಲಿಯಾದ ಪೌರತ್ವ ಶುರುವಾದದ್ದು 1949ರ ಜನವರಿ 26ರಂದು. ಸಂವಿಧಾನದಲ್ಲಿ 'ಸಿಟಿಜನ್' ಅನ್ನೋ ಪದ ಬರೋದು ಸೆಕ್ಷನ್ 44ರಲ್ಲಿ ಮಾತ್ರ, ಅದೂ ಹೊರಗಿನವರನ್ನು ಕುರಿತು!

ಹಾಗಾದರೆ ಬ್ರಿಟನ್ ಯಾವಾಗ ಹೊರದೇಶ ಆಯ್ತು? 1901ರಲ್ಲಂತೂ ಅಲ್ಲ. 1998ರ ಚುನಾವಣೆಯಲ್ಲಿ ಕ್ವೀನ್ಸ್‌ಲ್ಯಾಂಡ್‌ನಿಂದ ಸೆನೆಟ್‌ಗೆ ಗೆದ್ದ ಹೆದರ್ ಹಿಲ್ ಬ್ರಿಟಿಷ್ ಪೌರರೂ ಆಗಿದ್ದರು. 1999ರಲ್ಲಿ ಹೈಕೋರ್ಟ್ ಹೇಳಿತು: ಈಗ ಬ್ರಿಟನ್ನೂ ಹೊರದೇಶವೇ. ಸಂವಿಧಾನದ ಒಂದಕ್ಷರವೂ ಬದಲಾಗಿರಲಿಲ್ಲ, ಸುತ್ತಲಿನ ಇತಿಹಾಸ ಬದಲಾಗಿತ್ತು. ಸಂವಿಧಾನ ಓದೋದು ಅಂದ್ರೆ ಪದ ಮತ್ತು ಕಾಲ ಎರಡನ್ನೂ ಒಟ್ಟಿಗೆ ಓದೋದು ಅನ್ನೋದು ಇಲ್ಲಿ ತಾನಾಗಿ ಅರ್ಥವಾಗುತ್ತೆ.

ಈಗ ನಮ್ಮ ಮೇಜಿಗೆ ಬನ್ನಿ

ಭಾರತದ ಸಂವಿಧಾನ ಇದೇ ವಿಷಯಕ್ಕೆ ಏನು ಹೇಳುತ್ತೆ? 102ನೇ ವಿಧಿಯ ಪ್ರಕಾರ, ತಾನಾಗಿ ಬೇರೆ ದೇಶದ ಪೌರತ್ವ ಪಡೆದವರು ಸಂಸದರಾಗುವಂತಿಲ್ಲ. 'ತಾನಾಗಿ' ಅನ್ನೋ ಮಾತನ್ನು ಮಕ್ಕಳಿಗೆ ತೋರಿಸಿ. ಆಸ್ಟ್ರೇಲಿಯಾದ ವಾಕ್ಯದಲ್ಲಿ ಆ ಮಾತಿಲ್ಲ; ಅದಕ್ಕೇ ಹನ್ನೊಂದು ತಿಂಗಳ ಕೂಸಾಗಿ ಬಂದವರೂ ಸಿಕ್ಕಿಬಿದ್ದದ್ದು.

ಆದರೆ ಮನೆಮಂದಿಗೆ ಭಾರತವೇ ಹೆಚ್ಚು ಬಿಗಿ. ಆಸ್ಟ್ರೇಲಿಯಾ 2002ರ ಏಪ್ರಿಲ್‌ನಿಂದ ತನ್ನವರಿಗೆ ಎರಡು ಪೌರತ್ವ ಇಟ್ಟುಕೊಳ್ಳಲು ಬಿಟ್ಟಿದೆ. ಭಾರತ ಬಿಡಲ್ಲ. ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ ಫಲವಾಗಿ, ನೀವು ಇಲ್ಲಿನ ಸಮಾರಂಭದಲ್ಲಿ ಪ್ರತಿಜ್ಞೆ ಮಾಡಿ ಪೌರತ್ವ ಪಡೆದ ಕ್ಷಣವೇ ಅಲ್ಲಿನದು ಹೋಗುತ್ತೆ. ಅಪ್ಪ ಇನ್ನೂ ಅರ್ಜಿ ಹಾಕದೆ ಕೂತಿರೋದಕ್ಕೆ ಕಾರಣ ಇದೇ ಇರಬಹುದು. ಮಗುವಿಗೆ ಅದನ್ನು ಹೇಳಿ. ಸೋಮಾರಿತನ ಅಂದುಕೊಂಡಿದ್ದರೆ ತಿದ್ದಿಕೊಳ್ಳಲಿ.

ಮತ್ತೆ ಓಸಿಐ? ಹೆಸರಿನಲ್ಲಿ 'ಸಿಟಿಜನ್' ಇದೆ. 2005ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ವೀಸಾ ಇಲ್ಲದೆ ಭಾರತಕ್ಕೆ ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ವೋಟು ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಈಗ ಜೆನೊಫನ್ ಕೇಸನ್ನು ಪಕ್ಕದಲ್ಲಿಡಿ. ಅವರಿಗೆ ಹೋಗಿ ನೆಲೆಸುವ ಹಕ್ಕಿರಲಿಲ್ಲ, ಓಸಿಐ ಇದ್ದವರಿಗೆ ಇದೆ. ಹಾಗಾದರೆ 'ಪೌರರ ಹಕ್ಕು ಸವಲತ್ತು' ಅನ್ನೋ ಮಾತು ಇಲ್ಲಿ ತಾಗುತ್ತಾ? ಕನ್ನಡ ಶಾಲೆಯ ದೊಡ್ಡ ಮಕ್ಕಳನ್ನು ಎರಡು ಗುಂಪು ಮಾಡಿ ಈ ಪ್ರಶ್ನೆ ಕೊಡಿ. ಅರ್ಧ ಗಂಟೆ ನೀವು ಮಾತಾಡೋದೇ ಬೇಡ.

ಕಳೆದುಕೊಂಡವರು ಏನಾದರು?

ಕೆಲವರು ಮರಳಿ ಬಂದರು. 2018ರಲ್ಲಿ ಇನ್ನೊಂದು ತೀರ್ಪಿನ ನಂತರ ಪರ್ತ್ ಪಕ್ಕದ ಫ್ರೀಮ್ಯಾಂಟಲ್, ಬ್ರಿಸ್ಬೇನ್ ಉತ್ತರದ ಲಾಂಗ್‌ಮನ್, ಅಡಿಲೇಡ್ ಬೆಟ್ಟಗಳ ಮೇಯೊ ಕ್ಷೇತ್ರಗಳ ಸದಸ್ಯರು ರಾಜೀನಾಮೆ ಕೊಟ್ಟರು. ಜುಲೈ 28ರ ಉಪಚುನಾವಣೆಯಲ್ಲಿ ಮೂವರೂ ಮತ್ತೆ ಗೆದ್ದರು. ಸೆಪ್ಟೆಂಬರ್‌ನಲ್ಲಿ ವಾಟರ್ಸ್ ಕೂಡ ಸೆನೆಟ್‌ಗೆ ವಾಪಸ್. ಆದರೆ ಆ ವಾಕ್ಯ ಹಾಗೇ ಉಳಿಯಿತು. ಭಾರತದಲ್ಲಾದರೆ ಸಂಸತ್ತೇ ವಿಶೇಷ ಬಹುಮತದಿಂದ ತಿದ್ದುಪಡಿ ಮಾಡಬಹುದು. 2023ರ ಹೊತ್ತಿಗೆ ನೂರಾ ಆರು ಸಲ ಮಾಡಿದೆ. ಇಲ್ಲಿ ಜನಮತಗಣನೆ ಆಗಬೇಕು, ಇಡೀ ದೇಶದ ಬಹುಮತದ ಜೊತೆ ಆರರಲ್ಲಿ ನಾಲ್ಕು ರಾಜ್ಯಗಳ ಬಹುಮತವೂ ಬೇಕು. 45 ಪ್ರಸ್ತಾವಗಳಲ್ಲಿ ಗೆದ್ದದ್ದು 8.

ನಾಳೆ ಇನ್ನೊಂದು ಸುದ್ದಿ ಬಂದಾಗಲೂ ಇದೇ ಕ್ರಮ ಸಾಕು: ಮೊದಲು ನಡೆದದ್ದೇನು, ಆಮೇಲೆ ಕಾನೂನಿನ ಪದ ಏನು, ಆಮೇಲೆ ನಿನ್ನ ತೀರ್ಮಾನ ಏನು, ಕೊನೆಗೆ ಕೋರ್ಟ್ ಏನಂದಿತು. ಮಗು ಕೋರ್ಟನ್ನು ಒಪ್ಪದಿದ್ದರೂ ಪರವಾಗಿಲ್ಲ. ಕಾರಣ ಕೊಟ್ಟು ಒಪ್ಪದಿರಬೇಕು, ಅಷ್ಟೇ.

ಇದು ಬರೀ ಪಾಠದ ಮಾತಲ್ಲ. 2019ರಿಂದ ಕೇಂದ್ರ ಚುನಾವಣೆಗೆ ನಿಲ್ಲುವವರೆಲ್ಲ ಒಂದು ಪ್ರಶ್ನಾಪಟ್ಟಿ ತುಂಬಲೇಬೇಕು. ಅದರಲ್ಲಿ ಅಪ್ಪ ಅಮ್ಮ ಮಾತ್ರ ಅಲ್ಲ, ಅಜ್ಜ ಅಜ್ಜಿ ಎಲ್ಲಿ ಹುಟ್ಟಿದರು ಅಂತಲೂ ಕೇಳ್ತಾರೆ. ನಿಮ್ಮ ಮನೆಯ ಹುಡುಗಿ ಒಂದಿನ ಆ ಫಾರ್ಮ್ ತುಂಬಬಹುದು. ಅಜ್ಜಿ ಹುಟ್ಟಿದ್ದು ತುಮಕೂರೋ, ಶಿರಸಿಯೋ, ಕಾಸರಗೋಡೋ? ಈ ವಾರ ಊರಿಗೆ ಫೋನ್ ಮಾಡಿದಾಗ ಅವಳೇ ಕೇಳಿ ಬರೆದಿಟ್ಟುಕೊಳ್ಳಲಿ.